ಅರ್ಧ ಸ್ವರ ಕೆಳಗೆ

ಅಕ್ಟೋಬರ್ 7, ಮಂಗಳವಾರ

ಇವತ್ತು ಇಪ್ಪತ್ತಮೂರು ಜನರ ಮುಂದೆ ನನ್ನ ಮಾನ ಹೋಯಿತು. ಅದೂ ಸರಿಯಾಗಿ ಹಾಡಿದ್ದಕ್ಕೆ! ತಪ್ಪು ಹಾಡಿ ಬೈಸಿಕೊಂಡವರು ನಮ್ಮ ಗಾಯನ ವೃಂದದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸರಿಯಾಗಿ ಹಾಡಿ ಬೈಸಿಕೊಂಡವಳು ಕನಾಜಾವಾ ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ನಾನೊಬ್ಬಳಿರಬೇಕು.

ನಡೆದದ್ದು ಇಷ್ಟು. ಡಿಸೆಂಬರಿನ ವಾರ್ಷಿಕ ಕಛೇರಿಯ ಕೊನೆಯ ಹಾಡನ್ನು ಇವತ್ತು ಮೊದಲ ಬಾರಿ ಪೂರ್ತಿ ಹಾಡಿದೆವು. ನಾನೂರು ವರ್ಷ ಹಳೆಯ ಲ್ಯಾಟಿನ್ ಹಾಡು, ನಾಲ್ಕು ಧ್ವನಿ, ಆರು ನಿಮಿಷ. ಪಿಯಾನೊ ಇಲ್ಲ, ಏನೂ ಇಲ್ಲ, ಬರೀ ಗಂಟಲು. ಶುರುವಿಗೆ ಸ್ವರ ಕೊಡುವವಳು ನಾನು. ಬೇರೆ ವೃಂದಗಳಲ್ಲಿ ಈ ಕೆಲಸಕ್ಕೆ ಎರಡು ಕವಲಿನ ಉಕ್ಕಿನ ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿಯುತ್ತಾರೆ. ನನಗೆ ಅದೆಲ್ಲ ಬೇಡ. ಯಾವ ಸದ್ದು ಕೇಳಿದರೂ ಅದು ದೊ ರೆ ಮಿ ಫಾ ಸೊ ಲಾ ಸಿಯಲ್ಲಿ ಯಾವ ಸ್ವರ ಎಂದು ನನ್ನ ಕಿವಿ ಹೇಳುತ್ತದೆ. ಮೈಕ್ರೋವೇವ್ ಕೂಗುವುದು ಸಿ, ನಮ್ಮ ಕಟ್ಟಡದ ಲಿಫ್ಟಿನದು ಒಂದು ಚೂರು ಇಳಿದ ಲಾ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಅಮ್ಮ ದಿನಾ ಕೂರಿಸಿ ತಿದ್ದಿದ ಕಿವಿ ಇದು.

ನಾನು ಫಾ ಕೊಟ್ಟೆ. ಹಾಡು ಫಾದಲ್ಲಿ ಶುರುವಾಯಿತು. ಫಾದಲ್ಲೇ ಮುಗಿಯಬೇಕು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಬೇಸ್‌ನವರು, ಅಂದರೆ ಎಲ್ಲಕ್ಕಿಂತ ಕೆಳಗೆ ಹಾಡುವ ಆ ಆರು ಗಂಡಸರು, ಜಾರತೊಡಗಿದರು. ಅವರ ಹಿಂದೆ ಟೆನರ್ ಗಂಡಸರು, ಅವರ ಹಿಂದೆ ಎಲ್ಲಕ್ಕಿಂತ ಮೇಲೆ ಹಾಡುವ ಸೊಪ್ರಾನೊ ಹೆಂಗಸರು. ನಮ್ಮ ಆಲ್ಟೊ ಸಾಲಿನಲ್ಲಿ ಕೂಡ ನಾನೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಇಳಿದರು. ನಾನು ಮಾತ್ರ ಇದ್ದಲ್ಲೇ ನಿಂತೆ.

ಹಾಡು ಮುಗಿದ ಮೇಲೆ ಪಿಯಾನೊ ಮುಟ್ಟಿ ನೋಡುವುದು ನಮ್ಮ ಪದ್ಧತಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ನಿರ್ದೇಶಕ ಕುನುಗಿ ಹೋಗಿ ಒಂದು ಬೆರಳಲ್ಲಿ ಒತ್ತಿದ. ಫಾ ಅಲ್ಲ, ಮಿ. ಅರ್ಧ ಸ್ವರ ಪೂರ್ತಿ ಇಳಿದಿತ್ತು. ನಾಚಿಕೆಯಾಗಬೇಕಾದದ್ದು ಯಾರಿಗೆ? ಈ ಕುನುಗಿ ಮೂರನೇ ವರ್ಷದವನು, ನನಗಿಂತ ಒಂದು ವರ್ಷ ಚಿಕ್ಕವನು. ನಮ್ಮಲ್ಲಿ ನಿರ್ದೇಶಕನನ್ನು ಮೂರನೇ ವರ್ಷದವರಲ್ಲೇ ಆರಿಸುವುದು. ತಲೆ ಕೆರೆದುಕೊಂಡ.

"ಇಳಿದಿದೀವಿ. ಇರ್ಲಿ, ಅದನ್ನ ನಿಧಾನಕ್ಕೆ ನೋಡ್ಕೊಳ್ಳೋಣ. ಆದ್ರೆ ನಾಲ್ಕೂ ಧ್ವನಿ ಸೇರೋ ಕೊನೇ ಸ್ವರಮೇಳ ಒಡೀತಾ ಇದೆಯಲ್ಲ... ಇಸೊಬೆ ಸಾನ್, ಬೇಜಾರು ಮಾಡ್ಕೋಬೇಡಿ. ನೀವೊಬ್ರೇ ಮೇಲೆ ಉಳಿದುಬಿಟ್ರಿ."

"ನಾನು ಮೇಲೆ ಉಳಿದಿಲ್ಲ ಕುನುಗಿ ಕುನ್. ಇದ್ದಲ್ಲೇ ಇದೀನಿ. ಇಳಿದವರು ನೀವು."

"ನಿಜ. ಆದ್ರೂ ಸ್ವಲ್ಪ ಕೆಳಗೆ ಬರೋಕಾಗುತ್ತಾ?"

"ಯಾಕೆ ಬರ್ಬೇಕು?"

"ನಾವೆಲ್ಲ ಅಲ್ಲೇ ಇದೀವಲ್ಲ, ಅದಕ್ಕೆ."

ಅಷ್ಟಕ್ಕೇ ಬೇಸ್ ಸಾಲಿನಿಂದ ಒಗುಶಿ, ಆ ದಪ್ಪ ಕತ್ತಿನ ಎಂಜಿನಿಯರಿಂಗ್ ಹುಡುಗ, "ಬನ್ನಿ ಬನ್ನಿ ಇಸೊಬೆ ಸಾನ್, ಕೆಳಗಡೆ ಬೆಚ್ಚಗಿದೆ" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಗೆಳತಿ ನಾತ್ಸುಮೆ ಕೂಡ ನಕ್ಕಳು. ಅವಳು ಮೊದಲ ವರ್ಷದಿಂದ ನನ್ನ ಜೊತೆ ಊಟ ಮಾಡಿದವಳು. ಮೈಯೆಲ್ಲ ಉರಿದುಹೋಯಿತು.

ಅಕ್ಟೋಬರ್ 11, ಶನಿವಾರ

ಬಾಯಲ್ಲಿ ಹೇಳಿದರೆ ಇವರಿಗೆ ತಲೆಗೆ ಹತ್ತುವುದಿಲ್ಲ ಎಂದು ಲೆಕ್ಕದಲ್ಲೇ ತೋರಿಸಿದೆ. ಅಭ್ಯಾಸದ ವೇಳೆ ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಹಾಡನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ನಾನು ಎರಡು ದಿನ ಕೂತು ನನ್ನದನ್ನು ಕೇಳಿದೆ, ಒಂದೊಂದು ತಾಳದ ಮನೆಯನ್ನೂ ಅಳೆದೆ. ಇಳಿಯುವ ಜಾಗಗಳು ಒಟ್ಟು ಮೂವತ್ತೊಂದು. ಎಲ್ಲಿ, ಯಾವ ಧ್ವನಿ, ಎಷ್ಟು ಇಳಿಯಿತು, ಎಲ್ಲವನ್ನೂ ಪಟ್ಟಿ ಮಾಡಿ ಅಂಗಡಿಯ ಜೆರಾಕ್ಸ್ ಯಂತ್ರದಲ್ಲಿ ಇಪ್ಪತ್ತಮೂರು ಪ್ರತಿ ತೆಗೆದೆ. ಅಭ್ಯಾಸಕ್ಕೆ ಮುಂಚೆ ಒಬ್ಬೊಬ್ಬರ ಕುರ್ಚಿಯ ಮೇಲೂ ಒಂದೊಂದು ಇಟ್ಟೆ. ಹೆಸರು ಹಾಕಿರಲಿಲ್ಲ. ಅಷ್ಟು ಸಭ್ಯತೆ ನನಗಿದೆ.

ಒಬ್ಬರಾದರೂ ಥ್ಯಾಂಕ್ಸ್ ಹೇಳಿದರೇ? ಒಗುಶಿ ಎದ್ದು ನಿಂತು ಕ್ರೀಡಾಕೂಟದ ಫಲಿತಾಂಶ ಓದುವ ಹಾಗೆ ಓದಿದ: "ಇಪ್ಪತ್ತೆರಡನೇ ಮನೆ, ಬೇಸ್, ಪ್ರಥಮ ಸ್ಥಾನ!" ಆದರೆ ಅವನ ಕಿವಿ ಕೆಂಪಾಗಿತ್ತು. ಟೆನರ್‌ನಲ್ಲಿರುವುದೇ ನಾಲ್ಕು ಜನ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾತ್ಸುಮೆ ನನ್ನ ತೋಳು ಹಿಡಿದು ಬಾಗಿಲ ಹೊರಗೆ ಎಳೆದುಕೊಂಡು ಹೋದಳು.

"ಇದನ್ನ ಎಲ್ಲರಿಗೂ ಹಂಚಿದ್ಯಾ? ನಿಂಗೆ ತಲೆ ನೆಟ್ಟಗಿದ್ಯೇನೇ?"

"ತಪ್ಪೇನಿದೆ ಅದರಲ್ಲಿ? ಒಂದಾದ್ರೂ ಸುಳ್ಳಿದ್ರೆ ತೋರಿಸು."

"ಸುಳ್ಳಿಲ್ಲ ಕಣೇ ಮಾರಾಯ್ತಿ. ಅದೇ ಕಷ್ಟ."

ಆಮೇಲೆ ಹಾಡಿದೆವು. ಎಲ್ಲರೂ ಪಟ್ಟಿ ನೆನೆಸಿಕೊಂಡು ಹೆದರಿ ಹೆದರಿ ಹಾಡಿದರು. ಹೆದರಿ ಹಾಡಿದರೆ ಉಸಿರು ಕುಗ್ಗುತ್ತದೆ, ಉಸಿರು ಕುಗ್ಗಿದರೆ ಶ್ರುತಿ ಇನ್ನೂ ಇಳಿಯುತ್ತದೆ. ಕುನುಗಿ ಪಿಯಾನೊ ಒತ್ತಿದಾಗ ಮಿಗಿಂತಲೂ ಕೆಳಗಿದ್ದೆವು. ಅದಕ್ಕೂ ನಾನೇ ಕಾರಣವಂತೆ! ಜ್ವರ ಇದೆ ಎಂದು ಹೇಳಿದವಳಿಂದಲೇ ಜ್ವರ ಬಂತು ಎನ್ನುವವರ ಜೊತೆ ಏನು ಮಾತಾಡುವುದು?

ಅಕ್ಟೋಬರ್ 23, ಗುರುವಾರ

ಇವತ್ತೂ ಮಿ.

ಊಟದ ಮನೆಯಲ್ಲಿ ನಾತ್ಸುಮೆ ಬೇರೆ ಮೇಜಿನಲ್ಲಿ ಕೂತಳು. ಕೂರಲಿ. ನನ್ನ ಉಡೋನ್ ನೂಡಲ್ಸ್ ನಾನೇ ತಿನ್ನಬಲ್ಲೆ.

ನವೆಂಬರ್ 8, ಶನಿವಾರ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಕಛೇರಿಗೆ ಮುಂಚೆ ನಮ್ಮಲ್ಲಿ 'ನಾಲ್ವರ ಪರೀಕ್ಷೆ' ನಡೆಯುತ್ತದೆ. ಒಂದೊಂದು ಧ್ವನಿಯಿಂದ ಒಬ್ಬೊಬ್ಬರಂತೆ ಚೀಟಿ ಎತ್ತಿ ನಾಲ್ವರು ನಡುವೆ ನಿಲ್ಲುತ್ತಾರೆ, ಮಿಕ್ಕವರು ಸುತ್ತ ಕೂರುತ್ತಾರೆ. ನಾಲ್ವರೇ ಪೂರ್ತಿ ಹಾಡಬೇಕು. ಪಕ್ಕದವರ ಬೆನ್ನ ಹಿಂದೆ ಅಡಗಲು ಜಾಗವಿಲ್ಲ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಒಬ್ಬೊಬ್ಬರಿಗೂ ಪಾಸೋ ಫೇಲೋ ಎಂದು ಕೈ ಎತ್ತಿ ಮತ ಹಾಕುತ್ತಾರೆ. ಜೊತೆಯಲ್ಲಿ ಹಾಡಿದವರಿಗೂ ಮತ ಇದೆ. ಫೇಲಾದವರು ಕಛೇರಿಯ ದಿನ ಆ ಹಾಡಿಗೆ ವೇದಿಕೆ ಹತ್ತುವಂತಿಲ್ಲ, ಕೆಳಗೆ ಕೂತು ಕೇಳಬೇಕು.

ನಾಲ್ಕು ವರ್ಷದಲ್ಲಿ ನಾನು ಫೇಲಾದದ್ದಿಲ್ಲ. ಇವತ್ತು ಆದೆ.

ನನ್ನ ಜೊತೆ ಬಂದವರು ಸೊಪ್ರಾನೊದಿಂದ ನಾತ್ಸುಮೆ, ಬೇಸ್‌ನಿಂದ ಒಗುಶಿ, ಟೆನರ್‌ನ ಒಬ್ಬ ಎರಡನೇ ವರ್ಷದ ಹುಡುಗ. ಮೂರನೇ ಪುಟದಲ್ಲಿ ಒಗುಶಿ ಮಾಮೂಲಿನ ಹಾಗೆ ಜಾರಿದ, ಮಿಕ್ಕವರು ಹಿಂದೆಯೇ ಹೋದರು. ನಾನು ಹಲ್ಲು ಕಚ್ಚಿ ಆಲ್ಟೊದ ಸ್ವರವಾದ ನನ್ನ ಲಾ ಹಿಡಿದುಕೊಂಡೆ. ಕೊನೆಯ ಸ್ವರಮೇಳ ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ ಎದುರು ಕೂತಿದ್ದ ಒಬ್ಬಳು ಹಲ್ಲುನೋವು ಬಂದವಳ ಹಾಗೆ ಮುಖ ಕಿವಿಚಿದಳು. ತಪ್ಪು ಮೂವರದು. ಫೇಲಾದದ್ದು ನಾನು ಒಬ್ಬಳೇ!

ಕುನುಗಿ ಹೆಸರು ಓದುವಾಗ ಬಗ್ಗಿ ನಮಸ್ಕಾರ ಬೇರೆ ಮಾಡಿದ. "ಇಪ್ಪತ್ತೆರಡನೇ ತಾರೀಖು ಇನ್ನೊಂದು ಅವಕಾಶ ಇದೆ ಇಸೊಬೆ ಸಾನ್. ದಯವಿಟ್ಟು ಬನ್ನಿ. ನೀವಿಲ್ದೆ ನಮಗೂ ಆಗಲ್ಲ."

"ನಾನಿದ್ರೂ ಆಗಲ್ಲ ಅಂತ ಈಗ ತಾನೇ ಕೈ ಎತ್ತಿದ್ರಲ್ಲ!"

ಸೈಕಲ್ ನಿಲ್ಲಿಸುವ ಕಡೆ ನಾತ್ಸುಮೆ ಕಾಯುತ್ತಿದ್ದಳು. ಎರಡು ವಾರದಿಂದ ಮಾತಿಲ್ಲದವಳು.

"ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಹೇಳ್ತೀನಿ. ನಾನೂ ನಿಂಗೆ ವಿರುದ್ಧ ಕೈ ಎತ್ತಿದೆ."

"ನೀನಾ?"

"ಹೂಂ. ನಿನ್ನ ಪಕ್ಕ ನಿಂತು ಹಾಡೋದು ಅಂದ್ರೆ ಪರೀಕ್ಷೆ ಬರೆದ ಹಾಗೆ ಆಗುತ್ತೆ ಮಿನೊರಿ. ನೀನು ನಮ್ಮನ್ನ ಕೇಳ್ತಾ ಇರಲ್ಲ. ತಿದ್ದುತಾ ಇರ್ತೀಯ."

ತಿದ್ದುವವರು ಯಾರೂ ಇಲ್ಲದಿದ್ದರೆ ಇವರು ಡಿಸೆಂಬರ್ ಹೊತ್ತಿಗೆ ನೆಲಮಾಳಿಗೆಯಲ್ಲಿರುತ್ತಾರೆ! ಅದನ್ನು ಹೇಳದೆಯೇ ಸೈಕಲ್ ಹತ್ತಿ ಬಂದುಬಿಟ್ಟೆ. ಅಳು ಬಂದದ್ದಕ್ಕಲ್ಲ, ಸಿಟ್ಟಿಗೆ. ಮಾರ್ಚಿನಲ್ಲಿ ನನ್ನ ಓದು ಮುಗಿಯುತ್ತದೆ. ಇದೇ ನನ್ನ ಕೊನೆಯ ಕಛೇರಿ. ಆ ಕೊನೆಯ ಹಾಡಿಗೆ ನಾನು ಕೆಳಗೆ ಕುರ್ಚಿಯಲ್ಲಿ ಕೂತು, ಅವರು ಮಿಗೆ ಜಾರುವುದನ್ನು ಕೇಳಬೇಕಂತೆ.

ನವೆಂಬರ್ 9, ಭಾನುವಾರ

ಅಮ್ಮನಿಗೆ ಫೋನ್ ಮಾಡಿದೆ. ಫೇಲಾದೆ ಎಂದು ಹೇಳಲಿಲ್ಲ. ಎಲ್ಲರೂ ಇಳಿಯುತ್ತಾರೆ, ನನ್ನನ್ನೂ ಇಳಿ ಎನ್ನುತ್ತಾರೆ ಎಂದಷ್ಟೇ ಹೇಳಿದೆ. ಅಮ್ಮ ಮೂವತ್ತು ವರ್ಷದಿಂದ ಮನೆಯಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುವವಳು. ನನ್ನ ಪರವಾಗಿಯೇ ನಿಂತಳು.

"ಬಿಟ್ಟುಕೊಡಬೇಡ. ಲಾ ಅಂದ್ರೆ ಲಾ. ಅದೇನು ಚೌಕಾಸಿ ಮಾಡೋ ಸಾಮಾನಾ?"

ಅಬ್ಬಾ, ಒಬ್ಬರಾದರೂ ಇದ್ದಾರಲ್ಲ! ಆಮೇಲೆ ಅಮ್ಮ ತನ್ನ ಗೋಳು ಹೇಳಿಕೊಂಡಳು. ಮನೆಯ ಪಿಯಾನೊದ ಶ್ರುತಿ ಮೇಲೆ ಹೋಗಿಬಿಟ್ಟಿದೆಯಂತೆ. ಶ್ರುತಿ ಮಾಡುವವನು ಈ ವರ್ಷ ಮೂರು ಸಲ ಬಂದ, ಮೂರು ಸಲವೂ ಸರಿಯಿದೆ ಎಂದು ದುಡ್ಡು ತೆಗೆದುಕೊಂಡು ಹೋದ. "ಇನ್ನೂ ಜಾಸ್ತೀನೇ ಇದೆ ಕಣೇ. ನಂಗೆ ಕೇಳ್ಸಲ್ವಾ?"

ಕಳ್ಳ! ವಯಸ್ಸಾದ ಹೆಂಗಸು, ಗೊತ್ತಾಗುವುದಿಲ್ಲ ಅಂದುಕೊಂಡನೋ ಏನೋ. ಮುಂದಿನ ಭಾನುವಾರ ನಾನೇ ಹೋಗಿ ಅವನ ಬಣ್ಣ ಬಯಲು ಮಾಡುತ್ತೇನೆ.

ನವೆಂಬರ್ 16, ಭಾನುವಾರ

ಕನಾಜಾವಾದಿಂದ ನಮ್ಮೂರು ತೊಯಾಮಾಕ್ಕೆ ರೈಲಿನಲ್ಲಿ ಒಂದು ಗಂಟೆ. ದಾರಿಯುದ್ದಕ್ಕೂ ಹಿಮ ಬೀಳುವ ಮುಂಚಿನ ಗುಡುಗು. ಶ್ರುತಿಕವೆಯನ್ನು ಸಾಕ್ಷಿಗೆಂದು ಚೀಲದಲ್ಲಿ ಹಾಕಿಕೊಂಡು, ಆ ಮನುಷ್ಯನಿಗೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಅಮ್ಮ ಚಹಾ ಕೂಡ ಕೊಡದೆ ಪಿಯಾನೊ ಮುಂದೆ ಕೂರಿಸಿದಳು. ಪಕ್ಕದ ಕೋಣೆಯಲ್ಲಿ ಅಪ್ಪ ಕೊತಾತ್ಸುವಿನ, ಅಂದರೆ ಹೊದಿಕೆ ಹಾಸಿದ ಬಿಸಿ ಮೇಜಿನ, ಕೆಳಗೆ ಕಾಲು ಚಾಚಿ ಟಿವಿಯಲ್ಲಿ ಸುಮೊ ಕುಸ್ತಿ ನೋಡುತ್ತಿದ್ದ. ಅವನಿಗೆ ಯಾವ ಸ್ವರವಾದರೂ ಒಂದೇ.

"ಒತ್ತು. ಲಾ ಒತ್ತು. ನೀನೇ ಹೇಳು, ಜಾಸ್ತಿ ಇಲ್ವಾ?"

ಒತ್ತಿದೆ. ಲಾ ಎಂದರೆ ಲಾ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಇನ್ನೊಂದು ಒತ್ತಿದೆ, ಮತ್ತೊಂದು ಒತ್ತಿದೆ. ಶ್ರುತಿ ಮಾಡಿದವನು ಕಳ್ಳನಲ್ಲ, ಕೈಯೆತ್ತಿ ಮುಗಿಯಬೇಕಾದ ಕೆಲಸಗಾರ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ, ಸ್ವಲ್ಪ ಜಾಸ್ತೀನೇ ಇರೋ ಹಾಗಿದೆ ಅಮ್ಮ" ಎಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಬೆಳಗ್ಗೆ ತಿಂಡಿ ತಿಂದಿರಲಿಲ್ಲ, ತಲೆ ಓಡಲಿಲ್ಲ.

ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಸುಳ್ಳು ಹೇಳ್ಬೇಡ. ನಿಂಗೆ ಬರಲ್ಲ ಅದು."

ಆಮೇಲೆ ಹೇಳಿದಳು. ಪಿಯಾನೊ ಸರಿಯಾಗಿದೆ ಎಂದು ಅವಳಿಗೂ ಒಳಗೊಳಗೆ ಗೊತ್ತಿತ್ತಂತೆ. ಎರಡು ವರ್ಷದಿಂದ ಅವಳ ಕಿವಿಗೆ ಎಲ್ಲವೂ ಅರ್ಧ ಸ್ವರ ಮೇಲೆ ಕೇಳಿಸುತ್ತಿದೆ. ಫಾ ಒತ್ತಿದರೆ ಅದರ ಮೇಲಿನ ಕಪ್ಪು ಕೀಯ ಸ್ವರ ಕೇಳುತ್ತದೆ. ಮೊದಲು ಟಿವಿ ಕೆಟ್ಟಿದೆ ಅಂದುಕೊಂಡಳು, ಆಮೇಲೆ ರೇಡಿಯೊ, ಆಮೇಲೆ ಪಿಯಾನೊ.

"ಆಗಸ್ಟಲ್ಲಿ ಒಂದಿನ ಅಡುಗೆಮನೇಲಿ ಬಾರ್ಲಿ ಚಹಾ ಸೋಸ್ತಾ ಇದ್ದೆ. ಇಲ್ಲಿ ಮಗು ನುಡಿಸ್ತಾ ಇತ್ತು, ಆರು ವರ್ಷದ್ದು. ಅಲ್ಲಿಂದಲೇ ಕೂಗಿದೆ, 'ಕಪ್ಪು ಕೀ ಅಲ್ಲ ಪುಟ್ಟಿ, ಫಾ ಒತ್ತು, ಫಾ!' ಅಂತ. ಅದು ಮತ್ತೆ ಒತ್ತಿತು. ನಾನು ಮತ್ತೆ ಕೂಗಿದೆ. ಮೂರನೇ ಸಲ ಬಂದು ನೋಡ್ತೀನಿ, ಫಾ ಮೇಲೇ ಬೆರಳಿಟ್ಕೊಂಡು ಅಳ್ತಾ ಕೂತಿದೆ. 'ಫಾನೇ ಒತ್ತಿರೋದು ಟೀಚರ್' ಅಂತು."

"ಡಾಕ್ಟರ ಹತ್ರ ಹೋದ್ಯಾ?"

"ಹೋದೆ. ಕಿವಿ ಬಹಳ ಚೆನ್ನಾಗಿದೆ ಅಂದ್ರು. ನಮ್ಮಂಥ ಕಿವಿ ಇರೋರಿಗೆ ವಯಸ್ಸಾದ್ಮೇಲೆ ಕೆಲವರಿಗೆ ಹೀಗಾಗುತ್ತಂತೆ. ಔಷಧಿ ಇಲ್ವಂತೆ."

ಬಹಳ ಚೆನ್ನಾಗಿದೆಯಂತೆ! ಐವತ್ತಾರು ಒಂದು ವಯಸ್ಸೇ? ಬದುಕಿಡೀ ಸರಿಯಾದ ಸ್ವರಕ್ಕೆ ಕಾವಲು ಕೂತವಳಿಗೇ ಈ ಗತಿ ಬರಬೇಕೇ? ಅಪ್ಪನಿಗೆ ಬರಬಹುದಿತ್ತಲ್ಲ, ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಇದು ಯಾವ ನ್ಯಾಯ? ಯಾರ ಮೇಲೆ ಕೂಗಾಡಬೇಕೆಂದು ತಿಳಿಯದೆ ಅಪ್ಪನ ಮೇಲೆ ಕೂಗಾಡಿದೆ, ಟಿವಿ ಸದ್ದು ಕಡಿಮೆ ಮಾಡು ಎಂದು. ಪಾಪ, ತಕ್ಷಣ ಆರಿಸಿಯೇಬಿಟ್ಟ.

ಹೊರಡುವಾಗ ಅಮ್ಮ, ಕಛೇರಿಗೆ ಬರುವುದಿಲ್ಲ ಎಂದಳು.

"ಕೂರಕ್ಕಾಗಲ್ಲ ಕಣೇ. ಗೊತ್ತಿರೋ ಹಾಡು ಬೇರೆ ಸ್ವರದಿಂದ ಶುರುವಾದ ಹಾಗಿರುತ್ತೆ. ದೋಣೀಲಿ ಕೂತ ಹಾಗೆ ಹೊಟ್ಟೆ ತೊಳಸುತ್ತೆ. ನೀನು ಹಾಡೋದನ್ನ ಹಾಗೆ ಕೇಳೋಕೆ ನಂಗೆ ಇಷ್ಟ ಇಲ್ಲ."

"ಇದು ನನ್ನ ಕೊನೇದಮ್ಮ!"

"ಗೊತ್ತು. ಕಿವಿ ಹೊರಗಿಟ್ಟು ಒಳಗೆ ಬರೋ ಹಾಗಿದ್ರೆ ಬರ್ತಿದ್ದೆ."

ಟಿಕೆಟ್ಟನ್ನು ಪಿಯಾನೊ ಮೇಲೆ ಇಟ್ಟು ಬಂದಿದ್ದೇನೆ. ಬೇಕಾದರೆ ಬರಲಿ, ಬೇಡವಾದರೆ ಬಿಡಲಿ. ನನಗೇ ಇನ್ನೂ ವೇದಿಕೆ ಇಲ್ಲ.

ನವೆಂಬರ್ 22, ಶನಿವಾರ

ಪಾಸ್. ಆದರೆ ಹೀಗೆ ಪಾಸಾಗುವುದು ಒಂದು ಪಾಸೇ?

ಮತ್ತೆ ಅದೇ ಮೂವರನ್ನು ಜೊತೆಗೆ ನಿಲ್ಲಿಸಿದರು. ಮೂರನೇ ಪುಟ ಬಂತು. ಒಗುಶಿಯ ಕತ್ತು ನೋಡಿದೆ, ಕೆಂಪು ಕೆಂಪಾಗಿತ್ತು. ನನ್ನ ಕಡೆ ಓರೆಗಣ್ಣಿನಿಂದ ನೋಡಿ ನೋಡಿ ಉಗುಳು ನುಂಗುತ್ತಿದ್ದ. ನನಗೆ ಹೆದರಿಯೇ ಅವನು ಜಾರುತ್ತಾನೆ ಎಂದು ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ! ಸರಿ, ಜಾರಿದ. ನನಗೆ ವಾರದಿಂದ ನಿದ್ದೆ ಇಲ್ಲ, ಎತ್ತಿ ಹಿಡಿಯುವ ಶಕ್ತಿ ಇರಲಿಲ್ಲ. ಹೋಗಲಿ ಎಂದು ಅವನ ಜೊತೆಯಲ್ಲೇ ಇಳಿದೆ. ಅವನ ಭುಜ ಸಡಿಲವಾದದ್ದು ಬಟ್ಟೆಯ ಮೇಲೆಯೇ ಕಾಣಿಸಿತು. ಆಮೇಲೆ ಅವನು ಹೆಚ್ಚು ಜಾರಲೂ ಇಲ್ಲ.

ಕೊನೆಯ ಸ್ವರಮೇಳದಲ್ಲಿ ಒಂದು ವಿಚಿತ್ರ ನಡೆಯಿತು. ನಾವು ನಾಲ್ವರು ಹಾಡದ ಒಂದು ಐದನೇ ಸ್ವರ, ತೆಳ್ಳಗೆ, ತಲೆಯ ಮೇಲೆಲ್ಲೋ ಕೇಳಿಸಿತು. ಎಲ್ಲ ಧ್ವನಿಗಳೂ ಸರಿಯಾಗಿ ಕೂಡಿದಾಗ ಹಾಗಾಗುತ್ತದೆ ಎಂದು ಓದಿದ್ದೆ. ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಮಿ ಮೇಲೆ ನಿಂತ ಸ್ವರಮೇಳಕ್ಕೆ ಹಾಗೆ ಮೊಳಗುವ ಹಕ್ಕೇ ಇಲ್ಲ! ಆದರೂ ಮೊಳಗಿತು.

ಪಾಸ್ ಎಂದು ಎಲ್ಲರೂ ಕೈ ಎತ್ತಿದರು. ಕಣ್ಣು ಮುಚ್ಚಿದ್ದರೂ ಅಷ್ಟು ಕೈಗಳ ಸದ್ದು ಗೊತ್ತಾಗುತ್ತದೆ. ಕುನುಗಿ ಪಿಯಾನೊ ಮುಟ್ಟಲು ಹೊರಟವನು ಮುಟ್ಟದೆ ಬಂದ. ಚಪ್ಪಾಳೆ ಬೇರೆ. ಅರ್ಧ ಸ್ವರ ಇಳಿದದ್ದಕ್ಕೆ ಚಪ್ಪಾಳೆ ತಟ್ಟುವವರನ್ನು ಬೇರೆಲ್ಲಾದರೂ ನೋಡಿದ್ದುಂಟೇ? ನಾತ್ಸುಮೆ ಕಣ್ಣು ಒರೆಸಿಕೊಳ್ಳುತ್ತಾ ಬಂದು ನನ್ನನ್ನು ತಬ್ಬಿಕೊಂಡಳು. ನನ್ನ ವಿರುದ್ಧ ಕೈ ಎತ್ತಿದವಳು! ಬೆನ್ನು ತಟ್ಟಿ ಕಳಿಸಿದೆ.

ಡಿಸೆಂಬರ್ 4, ಗುರುವಾರ

ಅಭ್ಯಾಸ ಮುಗಿದು ಅಂಗಡಿಯ ಮುಂದೆ ನಿಂತು ಸಾರಿನಲ್ಲಿ ಬೇಯಿಸಿದ ಓದೆನ್ ತಿಂದೆವು, ನಾನು, ನಾತ್ಸುಮೆ, ಒಗುಶಿ. ಮೂಲಂಗಿ ಬೆಂದಿರಲಿಲ್ಲ. ಬೆಂದಿಲ್ಲ ಎಂದು ಅಂಗಡಿಯವನಿಗೆ ಹೇಳುವುದು ಬೇಡ ಎಂದು ಇಬ್ಬರೂ ನನ್ನ ಕೈ ಹಿಡಿದುಕೊಂಡರು.

ಒಗುಶಿ ತನ್ನ ಸ್ವರಲಿಪಿಯಲ್ಲಿ ಮಡಚಿ ಇಟ್ಟುಕೊಂಡಿದ್ದ ಒಂದು ಕಾಗದ ತೆಗೆದ. ನನ್ನ ಪಟ್ಟಿ! ಎಸೆದಿರಬೇಕು ಅಂದುಕೊಂಡಿದ್ದೆ. ತನ್ನ ಮನೆಗಳಿಗೆಲ್ಲ ಗುರುತು ಹಾಕಿಕೊಂಡಿದ್ದಾನೆ.

"ಇಸೊಬೆ ಸಾನ್, ಈ ಇಪ್ಪತ್ತೆರಡನೇದು ಎಷ್ಟು ಒದ್ದಾಡಿದ್ರೂ ಬರ್ತಿಲ್ಲ. ಇಲ್ಲಿ ಇಳಿದೇಬಿಡ್ತೀನಿ."

"ಇಳಿಯೋದಾದ್ರೆ ಇಳಿ ಮಾರಾಯ. ಕದ್ದು ಇಳೀಬೇಡ, ಧೈರ್ಯವಾಗಿ ಇಳಿ. ನಂಗೆ ಕೇಳೋ ಹಾಗೆ. ನಾನೂ ಬರ್ತೀನಿ."

"ಅಷ್ಟೇನಾ?"

"ಮತ್ತಿನ್ನೇನು, ಮೆರವಣಿಗೆ ಬೇಕಾ?"

ನಾತ್ಸುಮೆ ಮೊಟ್ಟೆ ಬಾಯಲ್ಲಿಟ್ಟುಕೊಂಡು ನಕ್ಕು ಕೆಮ್ಮಿದಳು. ಇಷ್ಟು ದೊಡ್ಡವನಾಗಿ ಇದನ್ನೂ ಹೇಳಿಕೊಡಬೇಕು ಇವನಿಗೆ! ಅಮ್ಮನಿಗೆ ಫೋನ್ ಮಾಡಿದೆ. ಬರುತ್ತೀಯಾ ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಸಣ್ಣ ಮಕ್ಕಳನ್ನು ಬೇರೆ ಟೀಚರ್ ಹತ್ತಿರ ಕಳಿಸುತ್ತಿದ್ದಾಳಂತೆ.

ಡಿಸೆಂಬರ್ 13, ಶನಿವಾರ

ಮೊದಲು ಆ ಅಭಿಪ್ರಾಯ ಪತ್ರದ ವಿಷಯ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯುರಿ ಆರುವುದಿಲ್ಲ. ಕೇಳಲು ಬಂದವರಿಗೆಲ್ಲ ಬಾಗಿಲಲ್ಲಿ ಒಂದು ಹಾಳೆ, ಒಂದು ಮೊಂಡು ಪೆನ್ಸಿಲ್ ಕೊಡುತ್ತೇವೆ. ಕಛೇರಿ ಮುಗಿದ ಮೇಲೆ ಅವನ್ನೆಲ್ಲ ಗುಡ್ಡೆ ಹಾಕಿಕೊಂಡು ಓದುವುದು ವಾಡಿಕೆ. ನೂರ ನಲವತ್ತು ಹಾಳೆಯಲ್ಲಿ ಒಂದು ಮಹಾನುಭಾವನದು, ಮುದ್ದಾದ ಅಕ್ಷರ: "ಕೊನೆಯ ಹಾಡಿನಲ್ಲಿ ಶ್ರುತಿ ಸುಮಾರು ಅರ್ಧ ಸ್ವರ ಇಳಿದಿದೆ. ಒಬ್ಬರಾದರೂ ಎತ್ತಿ ಹಿಡಿಯಬೇಕಿತ್ತು. ವಿಷಾದನೀಯ."

ವಿಷಾದನೀಯವಂತೆ! ಹಾಡು ಕೇಳಲು ಬಂದನೋ, ತೂಕ ಹಾಕಲು ಬಂದನೋ? ಆರು ನಿಮಿಷ ಇಪ್ಪತ್ತನಾಲ್ಕು ಜನ ಒಂದೇ ಉಸಿರಲ್ಲಿ ಹಾಡಿದ್ದು ಅವನ ಕಿವಿಗೆ ಬೀಳಲಿಲ್ಲ, ಅರ್ಧ ಸ್ವರ ಬಿತ್ತು. ಇಂಥವರ ಪಕ್ಕ ಯಾರು ಕೂರುತ್ತಾರೋ ಪಾಪ. ಒಗುಶಿಯ ಕಣ್ಣಿಗೆ ಬಿದ್ದರೆ ಕೊರಗುತ್ತಾನೆ ಎಂದು ಆ ಹಾಳೆಯನ್ನು ಕಿತ್ತು ನನ್ನ ಚೀಲದೊಳಗೆ ತುರುಕಿದೆ.

ಈಗ ಕಛೇರಿ. ಅಮ್ಮ ಬಂದಿದ್ದಳು. ಪರದೆಯ ಸಂದಿಯಿಂದ ಕಂಡಳು, ಹಿಂದಿನ ಸಾಲಿನ ತುದಿ ಕುರ್ಚಿ, ಬಾಗಿಲ ಪಕ್ಕ, ತಪ್ಪಿಸಿಕೊಳ್ಳಲು ಅನುಕೂಲವಾಗುವ ಹಾಗೆ. ಪಕ್ಕದಲ್ಲಿ ಅಪ್ಪ, ಕೋಟು ಕೂಡ ಬಿಚ್ಚದೆ. ಮೊದಲ ಭಾಗದಲ್ಲಿ ಅಮ್ಮ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಎರಡು ಸಲ ಎದ್ದು ಹೊರಗೆ ಹೋದಳು. ಆ ಎರಡು ಹಾಡೂ ನಾವು ಶ್ರುತಿ ಬಿಡದೆ ಹಾಡಿದ್ದೆವು. ನಾನು ಕೊಟ್ಟ ಸ್ವರ, ಕೊಟ್ಟಲ್ಲೇ ಮುಗಿಯಿತು. ವೇದಿಕೆಯ ಮೇಲೆ ನಿಂತು ಆ ಖಾಲಿ ಕುರ್ಚಿ ನೋಡುವಾಗ ನನಗೆ ಯಾರ ಮೇಲೆ ಕೋಪ ಬಂತೋ ತಿಳಿಯದು, ಬಹಳ ಬಂತು.

ಕೊನೆಯ ಹಾಡಿನ ಹೊತ್ತಿಗೆ ಅಮ್ಮ ಮತ್ತೆ ಬಂದು ಕೂತಿದ್ದಳು. ಫಾ ಕೊಟ್ಟೆ. ಇಪ್ಪತ್ತೆರಡನೇ ಮನೆಯಲ್ಲಿ ಒಗುಶಿ ಧೈರ್ಯವಾಗಿ ಇಳಿದ. ಆ ಸಭಾಂಗಣದಲ್ಲಿ ಹೀಟರ್ ಜಾಸ್ತಿ, ಗಂಟಲು ಒಣಗಿತ್ತು, ಜಗಳಕ್ಕೆ ನಿಲ್ಲುವ ಹಾಗಿರಲಿಲ್ಲ. ಹೋದೆ. ಎಲ್ಲರೂ ಹೋದೆವು. ಕೊನೆಯ ಪುಟದಲ್ಲಿ ಮಿ ಮೇಲೆ ಬಂದು ನಿಂತೆವು. ಆ ಐದನೇ ಸ್ವರ ಇವತ್ತೂ ಬಂತು, ದೊಡ್ಡದಾಗಿ. ಕುನುಗಿ ಕೈ ಇಳಿಸುವುದನ್ನೇ ಮರೆತ.

ಹೊರಗೆ ಮೆಟ್ಟಿಲ ಹತ್ತಿರ ಹೂಗುಚ್ಛ, ಫೋಟೊ, ಗದ್ದಲ. ಅಮ್ಮ ಜನರನ್ನು ತಳ್ಳಿಕೊಂಡು ಬಂದಳು. ಅಮ್ಮ ಜನರನ್ನು ತಳ್ಳುವವಳಲ್ಲ. ನನ್ನ ಎರಡೂ ಕೈ ಹಿಡಿದುಕೊಂಡಳು, ಕೈ ತಣ್ಣಗಿತ್ತು.

"ಮಿನೊರಿ, ಕೊನೇ ಹಾಡು. ಶುರುವಿನಲ್ಲಿ ಎಂದಿನ ಹಾಗೇ ಇತ್ತು, ಎಲ್ಲಾ ಮೇಲೆ ಮೇಲೆ. ಎದ್ದು ಹೋಗೋಣ ಅಂದ್ಕೊಂಡೆ. ನಿಮ್ಮಪ್ಪ, ಮಗಳು ಹಾಡ್ತಾ ಇದಾಳೆ ಕೂತ್ಕೋ ಅಂತ ಕೋಟು ಹಿಡಿದು ಎಳೆದ್ರು. ಆಮೇಲೆ ಮಧ್ಯದಲ್ಲಿ ಏನೋ ಆಯ್ತು. ನಿಧಾನಕ್ಕೆ ಇಳೀತಾ ಬಂತು. ಕೊನೇ ಪುಟಕ್ಕೆ ಬರೋ ಹೊತ್ತಿಗೆ ಫಾದಲ್ಲಿ ಕೂತುಬಿಡ್ತು. ಫಾ ಫಾ ಥರಾನೇ ಕೇಳಿಸ್ತು ಕಣೇ. ಎರಡು ವರ್ಷ ಆಗಿತ್ತು."

ಅಮ್ಮ ಅಳುತ್ತಿದ್ದಳು. ಹೂ ಹಿಡಿದು ಹಿಂದೆ ನಿಂತಿದ್ದ ಅಪ್ಪ ಛಾವಣಿ ನೋಡುತ್ತಿದ್ದ.

"ನನ್ನ ಕಿವಿ ವಾಪಸ್ ಬಂತಾ ಅಂದ್ಕೊಂಡೆ. ಇಲ್ಲ, ಹೊರಗೆ ಬಂದ್ರೆ ಮತ್ತೆ ಅದೇ. ಆದ್ರೆ ಅಲ್ಲಿ ಫಾನೇ ತಾನೇ? ನೀವು ಫಾದಲ್ಲೇ ಮುಗಿಸಿದ್ದು ತಾನೇ?"

"ಹೌದಮ್ಮ" ಎಂದೆ. "ಫಾನೇ."

ಆಗ ಪಕ್ಕದಲ್ಲಿ ಈ ಕುನುಗಿ! ಯಾವಾಗ ಬಂದು ನಿಂತಿದ್ದನೋ. ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಬಹಳ ವಿನಯದಿಂದ, "ಕ್ಷಮಿಸಿ, ಅದು ನಿಜವಾಗ್ಲೂ ಫಾ ಅಲ್ಲ, ನಾವು ಅರ್ಧ..." ಎಂದು ಶುರುಮಾಡಿದ.

ಅವನ ಕಾಲು ತುಳಿದೆ. ಕಛೇರಿಯ ಬೂಟು, ಹಿಮ್ಮಡಿ ಎತ್ತರ, ಚೆನ್ನಾಗಿ ಬಿತ್ತು. ಊಟದ ಹೊತ್ತಿನಲ್ಲೂ ಕುಂಟುತ್ತಿದ್ದ. ಕುಂಟಲಿ! ಮೂವತ್ತು ವರ್ಷ ಮಕ್ಕಳಿಗೆ ಫಾ ಕಲಿಸಿದವಳಿಗೆ ಫಾ ಯಾವುದೆಂದು ಹೇಳಲು ಬಂದ!